ಐನೂರು ರೂಪಾಯಿಯ ಲೆನ್ಸ್

ನನ್ನ ಹತ್ತಿರ ಒಂದು ಹಳೇ ಲೆನ್ಸ್ ಇದೆ. ಹೀಲಿಯೋಸ್ 44-2, 58 ಎಂಎಂ. ಸೋವಿಯತ್ ಕಾಲದ ಜೆನಿಟ್ ಕ್ಯಾಮೆರಾ ಜೊತೆ ಬರುತ್ತಿದ್ದದ್ದು. ಪೂರ್ತಿ ಲೋಹ, ಕೈಯಲ್ಲಿ ಹಿಡಿದರೆ ತಕ್ಕಡಿಯ ತೂಕದ ಕಲ್ಲಿನ ಹಾಗಿದೆ. ಯಾರನ್ನಾದರೂ ಮರಗಿಡದ ಮುಂದೆ ನಿಲ್ಲಿಸಿ ಫೋಟೋ ತೆಗೆದರೆ, ಎಲೆಗಳ ನಡುವಿನ ಬೆಳಕು ಸುಳಿ ಸುಳಿಯಾಗಿ ಅವರ ಸುತ್ತ ತಿರುಗಿದ ಹಾಗೆ ಕಾಣುತ್ತೆ. ತಾಂತ್ರಿಕವಾಗಿ ಅದು ಲೆನ್ಸಿನ ದೋಷ. ಈಗ ಜನ ದುಡ್ಡು ಕೊಟ್ಟು ಕೊಳ್ಳೋದು ಆ ದೋಷವನ್ನೇ.

ಇದನ್ನ ನಾನು ಕೊಂಡದ್ದು ನಮ್ಮ ಹೋಬಳಿಯ ಸ್ಟುಡಿಯೋದಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ, ಅಕ್ಕನ ಮದುವೆ ಆಲ್ಬಮ್ಮು, ಎಲ್ಲಾ ಅಲ್ಲೇ ಆಗಿದ್ದು. ಈಗ ಅಲ್ಲಿ ಜೆರಾಕ್ಸು, ಲ್ಯಾಮಿನೇಶನ್ನು. ಹೋದ ವರ್ಷ ಹಬ್ಬಕ್ಕೆ ಹೋದಾಗ ಏನೋ ಪ್ರಿಂಟ್ ತೆಗೆಸಲು ಹೋದವನಿಗೆ ಗಾಜಿನ ಬೀರುವಿನಲ್ಲಿ ಜೆನಿಟ್ ಕಾಣಿಸಿತು.

"ಅದು ಕೆಟ್ಟು ಇಪ್ಪತ್ತು ವರ್ಷ ಆಯ್ತಪ್ಪ, ಶಟರ್ ಕಚ್ಕಂಡಿದೆ" ಅಂದರು ಯಜಮಾನರು.

"ಲೆನ್ಸ್ ಮಾತ್ರ ಸಾಕು ಅಣ್ಣ."

"ಅದ್ನ ತಗಂಡು ಏನ್ ಮಾಡ್ತಿಯೋ? ಐನೂರು ಕೊಡು ಹೋಗು."

ಅಷ್ಟರಲ್ಲಿ ನಾನು ಫೋನಿನಲ್ಲಿ ನೋಡಿಯಾಗಿತ್ತು. ಅದೇ ಲೆನ್ಸಿಗೆ ಬೇರೆಯವರು ಕೇಳುತ್ತಿದ್ದದ್ದು ಐದಾರು ಸಾವಿರ. ಐನೂರು ಕೊಟ್ಟೆ. ಚೌಕಾಸಿ ಮಾಡಲಿಲ್ಲ ಅನ್ನೋದನ್ನೇ ನನ್ನ ದೊಡ್ಡಸ್ತಿಕೆ ಅಂದುಕೊಂಡು ಬಂದೆ.

ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ನನ್ನ ವಾದ ರೆಡಿಯಾಯಿತು. ಇಂಜಿನಿಯರ್ ಅಲ್ವಾ, ಲೆಕ್ಕದಿಂದಲೇ ಶುರು. ಈ ಲೆನ್ಸ್ ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೂರಬೇಕು. ನನ್ನ ಸೋನಿ ಮಿರರ್‌ಲೆಸ್‌ನಲ್ಲಿ ಒಳಗೆ ಕನ್ನಡಿಯೇ ಇಲ್ಲದ್ದರಿಂದ ಆ ದೂರ ಬರೀ 18. ಉಳಿದ 27.46 ಮಿಲಿಮೀಟರ್ ತುಂಬೋದಕ್ಕೆ ಒಂದು ಅಡಾಪ್ಟರ್ ಸಾಕು. ಗಾಜು ಗೀಜು ಏನೂ ಇಲ್ಲದ ಲೋಹದ ಬಳೆ. ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಅಂತ ಮೆನುವಿನಲ್ಲಿ ಒಮ್ಮೆ ಹೇಳಬೇಕು, ಯಾಕಂದ್ರೆ ಕ್ಯಾಮೆರಾ ಪ್ರಕಾರ ಅಲ್ಲಿ ಲೆನ್ಸೇ ಇಲ್ಲ. ಫೋಟೋದ ಮಾಹಿತಿಯಲ್ಲೂ ಇದರ ಹೆಸರು ಬರಲ್ಲ. ಆಮೇಲೆ ಕೈಯಲ್ಲಿ ರಿಂಗ್ ತಿರುಗಿಸುತ್ತಾ ಹೋದರೆ ಫೋಕಸ್ ಆದ ಅಂಚುಗಳಿಗೆ ಕೆಂಪು ಗೆರೆ ಬಂದು ಕೂರುತ್ತೆ. ಅಂದರೆ, ಈ ಲೆನ್ಸಿಗೆ ಬೆಲೆ ತಂದದ್ದು ಹೊಸ ಬಾಡಿ. ಅವರ ಬೀರುವಿನಲ್ಲಿ ಅದು ಗುಜರಿ. ಬೆಲೆ ಹುಟ್ಟಿಸಿದ ಬಾಡಿ ನನ್ನದು, ಲಾಭವೂ ನನ್ನದೇ.

ಕಾನೂನೂ ನನ್ನ ಕಡೆಗೇ ಇದೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನು, ಮಾತಾಡಲೇಬೇಕಾದ ಹೊಣೆ ಇದ್ದ ಹೊರತು, ಸುಮ್ಮನಿದ್ದ ಮಾತ್ರಕ್ಕೆ ಅದು ವಂಚನೆಯಲ್ಲ ಅನ್ನುತ್ತೆ. ಸಮಾಧಾನ ಆಗಲಿಲ್ಲ, ಇನ್ನಷ್ಟು ಓದಿದೆ. ಕ್ರಿ.ಪೂ. 44ರಲ್ಲಿ ಸಿಸೆರೊ ಬರೆದ ಪುಸ್ತಕವೊಂದರಲ್ಲಿ ಹೀಗೊಂದು ಪ್ರಶ್ನೆ ಇದೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರೋದು ಅವನಿಗೆ ಮಾತ್ರ ಗೊತ್ತು. ಊರಿನವರಿಗೆ ಹೇಳಬೇಕಾ, ಸುಮ್ಮನೆ ದುಬಾರಿಗೆ ಮಾರಬೇಕಾ? ಬ್ಯಾಬಿಲೋನಿನ ಡಯೋಜಿನಿಸ್ (ಹಗಲಲ್ಲಿ ದೀಪ ಹಿಡಿದು ಅಲೆದವನಲ್ಲ, ಇವನು ಬೇರೆ) ಪ್ರಕಾರ ಹೇಳದೇ ಇರೋದು ಬೇರೆ, ಮುಚ್ಚಿಡೋದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಇದನ್ನ ಒಪ್ಪಲ್ಲ. ಸಿಸೆರೊ ಶಿಷ್ಯನ ಕಡೆ. ನಾನು ಗುರುವಿನ ಕಡೆ ನಿಲ್ಲೋಣ ಅಂತಿದ್ದೆ, ಅಷ್ಟರಲ್ಲಿ ನಮ್ಮ ಎರಡು ಎಕರೆ ನೆನಪಾಯಿತು.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ರಸ್ತೆ ಬದಿಯ ಎರಡು ಎಕರೆ ಮಾರಿದ್ದರು, ನನ್ನ ಬಿಇ ಫೀಸಿಗೆ. ಕೊಂಡವನು ಸಭ್ಯಸ್ಥ. ಅಪ್ಪ ಹೇಳಿದ ರೇಟಿಗೆ ಒಂದು ಮಾತೂ ಆಡದೆ ಒಪ್ಪಿದ. ಅಲ್ಲಿ ಬೈಪಾಸ್ ಬರೋದು ಅವನಿಗೆ ಮೊದಲೇ ಗೊತ್ತಿತ್ತು ಅಂತ ನಮಗೆ ಗೊತ್ತಾದದ್ದು ಕಲ್ಲು ನೆಟ್ಟ ಮೇಲೆ. "ಅವ್ನೇನ್ ಮೋಸ ಮಾಡಿದ್ನಾ, ನಾನೇ ಹೇಳಿದ ರೇಟಲ್ವಾ" ಅಂತಾರೆ ಅಪ್ಪ ಈಗಲೂ. ಆದರೆ ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಆ ಕಡೆ ಕಿಟಕಿಗೆ ಕೂರಲ್ಲ. ಆ ಮನುಷ್ಯನನ್ನ ಹದಿನೈದು ವರ್ಷದಿಂದ ಬೈಕೊಂಡು ಬಂದಿದ್ದೀನಿ. ಅವನನ್ನ ಕೇಳಿದರೆ ಅವನೂ ಅದನ್ನೇ ಹೇಳಿಯಾನು: ಬೆಲೆ ತಂದದ್ದು ನಿಮ್ಮ ಹೊಲ ಅಲ್ಲ ಸ್ವಾಮಿ, ರಸ್ತೆ.

ಇದೇ ಲೆನ್ಸು ಬೆಂಗಳೂರಿನ ಸಂಡೇ ಬಜಾರಿನಲ್ಲಿ ಐನೂರಕ್ಕೆ ಸಿಕ್ಕಿದ್ದರೆ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಮೆರೀತಿದ್ದೆ. ಪರಿಚಯದವರಿಗೊಂದು ನ್ಯಾಯ, ಗುರುತಿಲ್ಲದವರಿಗೊಂದಾ? ಅದಕ್ಕಿನ್ನೂ ನನ್ನ ಹತ್ತಿರ ಉತ್ತರ ಇಲ್ಲ. ಸದ್ಯಕ್ಕೆ ಪರಿಚಯದವರದ್ದಾದರೂ ಮುಗಿಸೋಣ ಅಂತ ಯುಗಾದಿಗೆ ಹೋದಾಗ ಮೂರೂವರೆ ಸಾವಿರ ಜೇಬಿನಲ್ಲಿಟ್ಟುಕೊಂಡು ಸ್ಟುಡಿಯೋಗೆ ಹೋದೆ. ಜೊತೆಗೆ ಕ್ಯಾಮೆರಾ.

ಅವರು ಮೊದಲು ಕೈ ಚಾಚಿದ್ದು ಕ್ಯಾಮೆರಾಗೆ. ರಿಂಗ್ ಮೇಲೆ ಬೆರಳು ತಾನಾಗಿ ಹೋಗಿ ಕೂತಿತು. ಎದುರಿನ ಅಂಗಡಿಯ ಬೋರ್ಡು ನೋಡಿದರು. "ಇದೇನೋ ಕೆಂಪು ಗೆರೆ ಮಧ್ಯ ಮಧ್ಯ? ತೆಗಿ ಅದ್ನ, ನೋಡಕ್ಕೆ ಅಡ್ಡ" ಅಂದರು. ತೆಗೆದೆ. ಒಂದೇ ಸಲಕ್ಕೆ ಫೋಕಸ್ ಮಾಡಿ ನನ್ನದೊಂದು ಫೋಟೋ ಹೊಡೆದರು.

ಆಮೇಲೆ ವಿಷಯ ಹೇಳಿದೆ. ಆವತ್ತೇ ರೇಟ್ ಗೊತ್ತಿತ್ತು ಅನ್ನೋದನ್ನೂ ಹೇಳಿದೆ. ಬೇಡ ಬಿಡಪ್ಪ ಅಂತ ದುಡ್ಡು ವಾಪಸ್ ತಳ್ಳುತ್ತಾರೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ತಳ್ಳಲಿಲ್ಲ. ನಗಲೂ ಇಲ್ಲ. ನೋಟು ಎಣಿಸಿ ಡ್ರಾಯರಿಗೆ ಹಾಕಿದರು. ಬೀರುವಿನ ಕೆಳಗಿನ ಖಾನೆ ತೆಗೆದು, ಹಳೇ ಪೇಪರಿನಲ್ಲಿ ಸುತ್ತಿದ್ದ ಇನ್ನೆರಡು ಲೆನ್ಸ್ ಟೇಬಲ್ ಮೇಲಿಟ್ಟರು.

"ಈ ಸಲ ನಾನ್ ರೇಟ್ ಹೇಳಲ್ಲ. ನೀನೇ ಹೇಳು."