ದಣಿವಿನ ಅಂಕ ಮತ್ತು ಆಪ್ತವಾಕ್ಯ

ಜೂಡೋ ಪಟುವಿನ ಹೃದಯಬಡಿತವನ್ನು ಎದೆಗೆ ಕಟ್ಟಿದ ಪಟ್ಟಿಯಿಂದಲೂ, ರಕ್ತದ ಲ್ಯಾಕ್ಟೇಟ್ ಪ್ರಮಾಣವನ್ನು ಬೆರಳತುದಿಯ ಒಂದು ಹನಿಯಿಂದಲೂ ಅಳೆಯಬಹುದಾದರೂ, ಅಂದಿನ ಅಭ್ಯಾಸ ಅವನಿಗೆ ಎಷ್ಟು ಕಠಿಣವೆನಿಸಿತು ಎಂಬುದನ್ನು ಅವನನ್ನೇ ಕೇಳಿ ತಿಳಿಯಬೇಕಾಗುತ್ತದೆ. ಹೀಗೆ ಕೇಳುವುದಕ್ಕೊಂದು ಕ್ರಮವನ್ನು ಒದಗಿಸಿದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. ಅವರ ಪ್ರಸಿದ್ಧ ಮಾಪಕವು 6ರಿಂದ 20ರವರೆಗಿದ್ದು, ಪಟು ಹೇಳಿದ ಅಂಕವನ್ನು ಹತ್ತರಿಂದ ಗುಣಿಸಿದರೆ ನಿಮಿಷದ ಹೃದಯಬಡಿತಕ್ಕೆ ಸುಮಾರಾಗಿ ಹೊಂದುವಂತೆ ರೂಪುಗೊಂಡಿತ್ತು. ಅವರೇ ಮುಂದೆ ರಚಿಸಿದ ಹತ್ತರ ಮಾಪಕವನ್ನು ಆಧರಿಸಿ ಅಮೆರಿಕದ ಕಾರ್ಲ್ ಫಾಸ್ಟರ್, ಅಭ್ಯಾಸ ಮುಗಿದು ಸುಮಾರು 30 ನಿಮಿಷವಾದ ಮೇಲೆ ಅಂಕ ಕೇಳಿ, ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸುವ ಪದ್ಧತಿಯನ್ನು ಬಳಕೆಗೆ ತಂದರು.

ಈ ಅಂಕ ಯಾವ ಬಗೆಯ ಜ್ಞಾನ? ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಪ್ರಕಾರ ಪ್ರಯತ್ನ, ಸುಖ, ದುಃಖಗಳು ಆತ್ಮದ ಗುಣಗಳು. ಅವನ್ನು ಅನುಭವಿಸುವವನು ಮನಸ್ಸಿನ ಮೂಲಕ ನೇರವಾಗಿ ಅರಿಯುತ್ತಾನೆ, ಉಳಿದವರು ಹೊರಗಿನ ಚಿಹ್ನೆಗಳಿಂದ ಊಹಿಸುತ್ತಾರೆ. ಹೃದಯಬಡಿತ ಅಂಥದೊಂದು ಚಿಹ್ನೆ. ಆದರೆ ಜೂಡೋದ ಮುಕ್ತ ಕಾಳಗವಾದ ರಾಂದೋರಿಯಲ್ಲಿ ಎದುರಾಳಿಯ ಕೊರಳಪಟ್ಟಿಯನ್ನು ಬಿಗಿಹಿಡಿದವನ ಮುಂಗೈ ಕಲ್ಲಿನಂತಾಗಿ ಬೆರಳು ಸಡಿಲುವ ಹೊತ್ತಿಗೂ ಎದೆಬಡಿತ ಆ ನೋವಿನ ಪ್ರಮಾಣವನ್ನು ಹೇಳದೆ ಇರಬಹುದು. ಸೆಣಸುವ ಮುನ್ನವೇ ಬರಿಯ ಅಳುಕಿನಿಂದ ಅದು ಏರಲೂಬಹುದು. ತಾರ್ಕಿಕರು ಇಂಥ ಕುರುಹನ್ನು ವ್ಯಭಿಚಾರಿ ಹೇತು, ಅಂದರೆ ಸಾಧಿಸಬೇಕಾದ ವಿಷಯ ಇಲ್ಲದೆಡೆಯಲ್ಲೂ ಕಾಣಿಸಿಕೊಳ್ಳುವ ಕಾರಣ, ಎನ್ನುತ್ತಾರೆ.

ಆದ್ದರಿಂದ ಪಟುವಿನ ಅಂಕವನ್ನು ಉಷ್ಣಮಾಪಕ ತೋರುವ ಅಂಕಿಯಂತೆ ಕಾಣುವುದಕ್ಕಿಂತ ಶಬ್ದಪ್ರಮಾಣವೆಂದು, ಅಂದರೆ ನಂಬಬಹುದಾದವನ ಮಾತಿನಿಂದ ಬರುವ ಜ್ಞಾನವೆಂದು ಎಣಿಸುವುದು ಹೆಚ್ಚು ಸರಿ. ನ್ಯಾಯಭಾಷ್ಯಕಾರ ವಾತ್ಸ್ಯಾಯನನ ದೃಷ್ಟಿಯಲ್ಲಿ ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು. ಈ ಲಕ್ಷಣವನ್ನು ಅವನು ಋಷಿಗಳಿಗೆ ಮೀಸಲಿಡದೆ ಮ್ಲೇಚ್ಛರಿಗೂ ಸಮಾನವಾಗಿ ಅನ್ವಯಿಸಿದ್ದು ಗಮನಾರ್ಹ. ಮೊದಲ ಅಂಶ ಪಟುವಿನಲ್ಲಿ ಸಹಜವಾಗಿಯೇ ಇದೆ. ತೊಡಕಿರುವುದು ಎರಡನೆಯದರಲ್ಲಿ: ದಣಿವನ್ನು ಒಪ್ಪುವುದೇ ದೌರ್ಬಲ್ಯವೆನಿಸುವ ಅಂಗಳದಲ್ಲಿ, ಗುರುವಿನೆದುರು ಒಂಬತ್ತು ಎನ್ನಬೇಕಾದವನು ಆರು ಎಂದುಬಿಡುತ್ತಾನೆ.

ಫಾಸ್ಟರ್ ಅವರ ಗುಣಾಕಾರವೂ ಪ್ರಶ್ನಾತೀತವಲ್ಲ. 40 ನಿಮಿಷದ ಒಂಬತ್ತು, 90 ನಿಮಿಷದ ನಾಲ್ಕು, ಎರಡೂ ಲೆಕ್ಕದಲ್ಲಿ 360 ಆಗುತ್ತವೆ; ಅನುಭವದಲ್ಲಿ ಅವು ಸಮವೆಂದು ಚಾಪೆಯ ಮೇಲೆ ಬಿದ್ದೆದ್ದವರು ಒಪ್ಪಲಾರರು. ಒಬ್ಬನೇ ಪಟುವಿನ ನಿನ್ನೆಯ ಮಾತಿಗೂ ಇಂದಿನ ಮಾತಿಗೂ ಇರುವ ಅಂತರವನ್ನು ಗುರುತಿಸಲು ಈ ಪದ್ಧತಿ ಸಾಕು, ಇಬ್ಬರು ಪಟುಗಳ ದಣಿವನ್ನು ತೂಗಿ ನೋಡಲು ಸಾಲದು. ಆದ್ದರಿಂದ ತರಬೇತುದಾರನು ಈ ಅಂಕವನ್ನು ತಂಡದ ಆಯ್ಕೆಗಾಗಲಿ ದಂಡನೆಗಾಗಲಿ ಬಳಸಕೂಡದು.