ನಾಲಗೆಯ ಹಿಡಿತ, ಕೇಳುವ ಧರ್ಮ: ಅಶೋಕನ ಹನ್ನೆರಡನೆಯ ಶಾಸನ

ಬೇರೆ ಬೇರೆ ಮತದವರು ಒಂದೇ ನಾಡಿನಲ್ಲಿ ಬಾಳುವಾಗ ಹೇಗೆ ಮಾತಾಡಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಅಶೋಕನ ಹನ್ನೆರಡನೆಯ ಬಂಡೆಗಲ್ಲು ಶಾಸನದ ವಿಷಯ. ಕ್ರಿ.ಪೂ. 3ನೇ ಶತಮಾನದ ಈ ಪಾಠ ಗುಜರಾತಿನ ಗಿರ್ನಾರ್, ಉತ್ತರಾಖಂಡದ ಕಾಲ್ಸಿ, ಇಂದಿನ ಪಾಕಿಸ್ತಾನದ ಶಾಬಾಜ್‌ಗಢಿ ಮತ್ತು ಮಾನ್ಸೆಹ್ರಾ, ಆಂಧ್ರದ ಎರ್ರಗುಡಿಗಳಲ್ಲಿದೆ. ಕರ್ನಾಟಕದಲ್ಲಿ ಅದು ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿ 1980ರ ದಶಕದಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗಳಲ್ಲಿ ಬ್ರಾಹ್ಮಿ ಅಕ್ಷರಗಳು ಕಂಡವು. ವಿಗ್ರಹ ನಿಲ್ಲಿಸಲು ಕೊರೆದ ಕುಳಿಯಿಂದಾಗಿ ಬರಹದ ಒಂದು ಭಾಗ ನಷ್ಟವಾಗಿದೆ. ಓದುವವರೇ ಇಲ್ಲವಾದ ಮೇಲೆ ರಾಜಾಜ್ಞೆಯೂ ಬರೀ ಕಲ್ಲೇ. ಉಳಿದ ಭಾಗದಲ್ಲಿ 12 ಮತ್ತು 14ನೇ ಶಾಸನಗಳಿವೆ. ಜೊತೆಗೆ, ಅದುವರೆಗೆ ಕಳಿಂಗದ ಧೌಳಿ ಹಾಗೂ ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ.

ಹನ್ನೆರಡನೆಯ ಶಾಸನದ ವಾದ ಚಿಕ್ಕದು, ಆದರೆ ಬಿಗಿಯಾದದ್ದು. ರಾಜನು ಎಲ್ಲ ಪಂಥಗಳ ಸನ್ಯಾಸಿಗಳನ್ನೂ ಗೃಹಸ್ಥರನ್ನೂ ದಾನ ಮಾನಗಳಿಂದ ಗೌರವಿಸುತ್ತಾನೆ. ಆದರೆ ದಾನ ಮಾನಗಳಿಗಿಂತ ಆತ ಹೆಚ್ಚೆಂದು ಎಣಿಸುವುದು ಪ್ರತಿ ಪಂಥದ ತಿರುಳು ಬೆಳೆಯುವುದನ್ನು. ಆ ಬೆಳವಣಿಗೆ ಹಲವು ಬಗೆಯದಾದರೂ ಅದರ ಬೇರು ಒಂದೇ, ಮಾತಿನ ಸಂಯಮ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಪರರ ಪಂಥವನ್ನು ಹಳಿಯಬಾರದು. ಸಂದರ್ಭವಿದ್ದರೂ ಮಿತವಾಗಿ ಆಡಬೇಕು. ಭಕ್ತಿಯ ಭರದಲ್ಲಿ ಇತರರನ್ನು ನಿಂದಿಸುವವನು ಕೆಡಿಸುವುದು ತನ್ನ ಪಂಥವನ್ನೇ. ಹೀಗೆ ಹೇಳಿ ಶಾಸನವು ಕಿವಿಯ ಕಡೆಗೆ ತಿರುಗುತ್ತದೆ: ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಮನಸ್ಸನ್ನೂ ಇಟ್ಟುಕೊಳ್ಳಬೇಕು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು. ಕಂದಹಾರದಲ್ಲಿ ಸಿಕ್ಕಿರುವ ಗ್ರೀಕ್ ರೂಪ ಇದನ್ನೇ ಇನ್ನೂ ನೇರವಾಗಿ ಹೇಳುತ್ತದೆ. ಅದರ ಪ್ರಕಾರ ನಾಲಗೆಯನ್ನು ಹಿಡಿದವನೇ ಎಲ್ಲರಿಗಿಂತ ದೊಡ್ಡ ಸಂಯಮಿ.

ಇಲ್ಲಿ ಗಮನಿಸಬೇಕಾದದ್ದು ಎರಡು. ಎಲ್ಲ ಮತಗಳೂ ಒಂದೇ ಎಂದು ಅಶೋಕ ಎಲ್ಲಿಯೂ ಹೇಳುವುದಿಲ್ಲ. ಭಿನ್ನತೆ ಇದೆ, ಇರಲಿ ಎಂಬುದು ಅವನ ನೆಲೆ. ಹಾಗೆಯೇ ಟೀಕೆಯನ್ನೂ ಅವನು ಪೂರ್ತಿ ನಿಷೇಧಿಸುವುದಿಲ್ಲ. ಸಂದರ್ಭ ಮತ್ತು ಮಿತಿ ಎಂಬ ಎರಡು ಕಟ್ಟುಗಳನ್ನು ಹಾಕುತ್ತಾನೆ, ಅಷ್ಟೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದು ಶಾಂತಿಯೆಂದಾಗಿದ್ದರೆ ಪರರ ಧರ್ಮವನ್ನು ಕೇಳಿರೆಂದು ಹೇಳಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ಭಾರತದ ದರ್ಶನಗಳು ಮುಂದೆ ಈ ಕೇಳುವಿಕೆಯನ್ನು ವಾದದ ಶಿಸ್ತಾಗಿಯೇ ಬೆಳೆಸಿದವು. ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಸತ್ಯವನ್ನು ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ನಿಲ್ಲಿಸದೆ ಎದುರಾಳಿಯನ್ನು ಕೆಡವಲು ಮಾತ್ರ ನಡೆಯುವುದು ವಿತಂಡ. ಶಂಕರ, ರಾಮಾನುಜ, ಮಧ್ವರ ಭಾಷ್ಯ ಪರಂಪರೆಯಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಬರುತ್ತದೆ. ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಸರಿಯಾಗಿ ಹೇಳಲಾಗದವನ ಖಂಡನೆಗೆ ಬೆಲೆಯಿಲ್ಲ. ಈ ನಿಯಮ ಯಾವಾಗಲೂ ಪಾಲನೆಯಾಯಿತೆಂದಲ್ಲ. ಪೂರ್ವಪಕ್ಷವನ್ನು ಬೇಕೆಂದೇ ಸಪ್ಪೆಯಾಗಿಸಿ ಸುಲಭವಾಗಿ ಗೆದ್ದವರೂ ಉಂಟು.

ಕೇಳಿಸಿಕೊಳ್ಳಲು ಹೇಳುವವನ ಮಾತೂ ಸ್ಪಷ್ಟವಾಗಿರಬೇಕು. ಸನ್ನತಿಯ ಚಪ್ಪಡಿಯ ಉಳಿದ ಪಾಠಗಳು ಈ ಬಗ್ಗೆಯೇ ತಲೆಕೆಡಿಸಿಕೊಂಡಿವೆ. ಧರ್ಮಲಿಪಿಗಳು, ಅಂದರೆ ಈ ಶಾಸನಗಳು, ಕೆಲವೆಡೆ ಸಂಕ್ಷಿಪ್ತ, ಕೆಲವೆಡೆ ಮಧ್ಯಮ, ಕೆಲವೆಡೆ ವಿಸ್ತಾರ ಎಂದು 14ನೇ ಶಾಸನ ವಿವರಿಸುತ್ತದೆ. ಜನ ನಡೆದುಕೊಳ್ಳಲೆಂದು ಕೆಲವು ವಿಷಯಗಳನ್ನು ಮತ್ತೆ ಮತ್ತೆ ಹೇಳಲಾಗಿದೆ; ಕೆತ್ತಿದವರ ತಪ್ಪಿನಿಂದ ಬರಹ ಕೆಟ್ಟಿರಲೂಬಹುದು. ಚಕ್ರವರ್ತಿಯೊಬ್ಬ ತನ್ನ ಆಜ್ಞೆಯಲ್ಲಿ ಕೈತಪ್ಪು ಇರಬಹುದೆಂದು ಕಲ್ಲಿನಲ್ಲೇ ಬರೆಸುವುದು ಅಪರೂಪ. ಪ್ರತ್ಯೇಕ ಶಾಸನಗಳಲ್ಲಿ ಒಂದು ಗಡಿಯಾಚೆಯ ಜನರನ್ನು ಕುರಿತದ್ದು. ರಾಜನು ನಮ್ಮನ್ನು ಏನು ಮಾಡುವನೋ ಎಂಬ ಅಳುಕು ಅವರಿಗೆ ಇರಬಾರದು, ಅವರು ತನ್ನನ್ನು ನಂಬಬೇಕು ಎಂಬುದನ್ನು ಮನದಟ್ಟು ಮಾಡಿಸುವ ಹೊಣೆಯನ್ನು ಅಶೋಕ ಅಧಿಕಾರಿಗಳ ಮೇಲೆ ಹೊರಿಸುತ್ತಾನೆ. ತಿಷ್ಯ ನಕ್ಷತ್ರದ ದಿನಗಳಂದು ಪಾಠವನ್ನು ಗಟ್ಟಿಯಾಗಿ ಓದಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬಹುದು. ಕೇಳುವ ಹೊಣೆ ರಾಜನಿಗೂ ಇತ್ತು: ಪ್ರಜೆಗಳ ವಿಷಯವನ್ನು ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ ಬಂದು ತಿಳಿಸಬೇಕೆಂದು 6ನೇ ಶಾಸನದಲ್ಲಿ ಅವನೇ ಅಪ್ಪಣೆ ಮಾಡಿದ್ದ.

ಈ ನೀತಿಗೆ ಎಲ್ಲೆಗಳಿದ್ದವು, ಅವನ್ನು ಮರೆಮಾಚುವುದು ಸರಿಯಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತು ಒಂದೂವರೆ ಲಕ್ಷ ಜನ ಸೆರೆಯಾದರೆಂದು ಮರುಗುವ 13ನೇ ಶಾಸನವೇ ಅಡವಿಯ ಜನರಿಗೆ ರಾಜನ ದಂಡಶಕ್ತಿಯನ್ನು ನೆನಪಿಸುತ್ತದೆ. ಬೌದ್ಧ ಸಂಘವನ್ನು ಒಡೆಯುವ ಭಿಕ್ಷು, ಭಿಕ್ಷುಣಿಯರಿಗೆ ಬಿಳಿಬಟ್ಟೆ ಉಡಿಸಿ ಹೊರಹಾಕಬೇಕೆಂದು ಸಾರನಾಥ, ಸಾಂಚಿ, ಕೌಶಾಂಬಿಗಳ ಶಾಸನಗಳು ವಿಧಿಸುತ್ತವೆ. ಪರರ ಮತದ ಬಗ್ಗೆ ತೋರಿದ ತಾಳ್ಮೆಯನ್ನು ಅಶೋಕ ತನ್ನವರೊಳಗಿನ ಭಿನ್ನಮತಕ್ಕೆ ತೋರಲಿಲ್ಲ. ಈ ದೌರ್ಬಲ್ಯ ಅವನೊಬ್ಬನದಲ್ಲ; ಹೊರಗಿನವರೊಡನೆ ಸಂವಾದಕ್ಕೆ ಕೂರುವ ಸಂಸ್ಥೆಗಳು ಒಳಗಿನ ಪ್ರಶ್ನೆಗೆ ಕಿವಿ ಮುಚ್ಚುವುದನ್ನು ಎಲ್ಲ ಧರ್ಮಗಳ ಚರಿತ್ರೆಯಲ್ಲೂ ಕಾಣಬಹುದು.

ಅಶೋಕನ ಶಾಸನ ಉಪದೇಶವಾದರೆ, ವ್ಯಾಜ್ಯ ಕೇಳಿ ತೀರ್ಪು ಕೊಟ್ಟ ದಾಖಲೆಯೊಂದು ಶ್ರವಣಬೆಳಗೊಳದಲ್ಲಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರ ಆ ಶಾಸನದ ಪ್ರಕಾರ ಎರಡೂ ಕಡೆಯ ಪ್ರಮುಖರು ರಾಜನ ಮುಂದೆ ಸೇರಿದ್ದರು. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ರಾಜ ಸಾರಿದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಉಳಿಯಿತು. ಜೈನರಿಗಾದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೇ ಎಂದು ಬಗೆಯಬೇಕಾಯಿತು.

ತೀರ್ಪು ಮಾತಿನಲ್ಲೇ ನಿಲ್ಲಲಿಲ್ಲ ಎಂಬುದೇ ಅದರ ಹಿರಿಮೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ ಗೊಮ್ಮಟನ ಕಾವಲಿಗೆ 20 ಮಂದಿಯನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಬಿದ್ದದ್ದು ವೈಷ್ಣವರೇ ಆದ ತಿರುಮಲೆಯ ತಾತಯ್ಯನವರ ಮೇಲೆ. ಇದೇ ಒಪ್ಪಂದದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.