ಸಕ್ಕರೆ ಆರತಿ ಹಿಡಿದ ಅಕ್ಕ-ತಂಗಿಯರು

ಗಳಿಗೆಗಳಿಗೆಗೂ ಬದಲಾಗುವ ವಸ್ತುವನ್ನು ‘ಅದೇ ಇದು’ ಎಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಗಡಿಗೆ, ಬಂಗಾರ, ದೀಪದ ಕುಡಿಗಳನ್ನು ಮುಂದಿಟ್ಟುಕೊಂಡು ಚರ್ಚಿಸಿವೆ. ಬದಲಾಗುತ್ತಿರುವುದು ವಸ್ತುವಲ್ಲದೆ ಇಬ್ಬರ ನಡುವಿನ ನಂಟಾದಾಗ ಆ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆಯ ಸಂಜೆ, ಮರದ ಅಚ್ಚಿಗೆ ಪಾಕ ಎರೆದು ತೆಗೆದ ಸಕ್ಕರೆ ಗೊಂಬೆಗಳನ್ನು ಆರತಿ ತಟ್ಟೆಯಲ್ಲಿಟ್ಟುಕೊಂಡು ಹೆಣ್ಣುಮಕ್ಕಳು ಗೌರಿಯನ್ನು ಬೆಳಗಲು ಹೊರಡುವ ಮುನ್ನ, ತಾಯಿಯೋ ತಂದೆಯೋ ಅಕ್ಕ-ತಂಗಿಯರನ್ನು ಹೊಸ್ತಿಲ ಬಳಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಎದುರಾಗುವುದು ಇದೇ ಪ್ರಶ್ನೆ. ಒಂದು ವರ್ಷ ಅಕ್ಕನ ಲಂಗ ಹಿಡಿದು ನಿಂತ ತಂಗಿ ಮರುವರ್ಷ ತನ್ನ ತಟ್ಟೆಯನ್ನು ತಾನೇ ಹಿಡಿಯುವ ಹಟದಲ್ಲಿ ದೂರ ಸರಿದಿರುತ್ತಾಳೆ. ಮತ್ತೊಂದು ವರ್ಷ ಇಬ್ಬರೂ ಹೆತ್ತವರಿಗೆ ತಿಳಿಯದ ಯಾವುದೋ ಮಾತಿಗೆ ನಗುತ್ತಿರುತ್ತಾರೆ. 1975ರಿಂದ ವರ್ಷಕ್ಕೊಂದರಂತೆ ತಮ್ಮ ಪತ್ನಿ ಮತ್ತು ಆಕೆಯ ಮೂವರು ಸಹೋದರಿಯರ ಚಿತ್ರ ತೆಗೆಯುತ್ತ ಬಂದ ಅಮೆರಿಕದ ಛಾಯಾಗ್ರಾಹಕ ನಿಕೋಲಸ್ ನಿಕ್ಸನ್ ನಾಲ್ವರನ್ನೂ ಸದಾ ಒಂದೇ ಕ್ರಮದಲ್ಲಿ ನಿಲ್ಲಿಸಿದರು. ಅಲ್ಲಿ ಆ ಕ್ರಮ ಮಾಡಿದ ಕೆಲಸವನ್ನು ಇಲ್ಲಿ ಹೊಸ್ತಿಲು ಮಾಡುತ್ತದೆ, ಸ್ಥಿರವಾದದ್ದೊಂದು ಇದ್ದಾಗ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ಜೈನ ದರ್ಶನದ ಪ್ರಕಾರ ಇರುವಿಕೆಗೆ ಮೂರು ಲಕ್ಷಣಗಳು: ಉತ್ಪಾದ ಎಂದರೆ ಹುಟ್ಟು, ವ್ಯಯ ಎಂದರೆ ಅಳಿವು, ಧ್ರೌವ್ಯ ಎಂದರೆ ಉಳಿವು. ಬಂಗಾರದ ಕಲಶವನ್ನು ಒಡೆದು ಕಿರೀಟ ಮಾಡಿದಾಗ ಕಲಶ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬಂಗಾರವಷ್ಟೇ ಬೇಕಿದ್ದವನು ಸಮಚಿತ್ತನಾಗಿರುತ್ತಾನೆ ಎಂದು ಜೈನ ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇದನ್ನು ವಿವರಿಸುತ್ತಾರೆ; ಬಂಗಾರ ದ್ರವ್ಯ, ಅದು ತಾಳುವ ರೂಪಗಳು ಪರ್ಯಾಯ. ಗಂಗರ ದೊರೆ ಇಮ್ಮಡಿ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಜೈನ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ತೊರೆಯುವ ವ್ರತ, ಕೈಗೊಂಡ ಬಂಕಾಪುರ ಹಾವೇರಿ ಜಿಲ್ಲೆಯಲ್ಲೇ ಇರುವುದರಿಂದ, ಈ ವಿಚಾರ ಆ ನೆಲಕ್ಕೆ ಹೊರಗಿನದಲ್ಲ. ಹಳೆಯ ಫೋಟೊ ನೋಡಿ ಕಣ್ಣು ತುಂಬಿಕೊಳ್ಳುವ ತಾಯಿ ಕಲಶವನ್ನು ಬಯಸಿದವಳು. ಆದರೆ ಈ ದೃಷ್ಟಾಂತ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ: ಬಂಗಾರ ಯಾರು ಏನೂ ಮಾಡದಿದ್ದರೂ ಬಂಗಾರವಾಗಿಯೇ ಉಳಿಯುತ್ತದೆ, ಅಕ್ಕ-ತಂಗಿಯರ ನಂಟಿನ ತಳದಲ್ಲಿ ಹಾಗೆ ತಾನಾಗಿ ಉಳಿಯುವ ಲೋಹವಿಲ್ಲ, ಅವರಿಬ್ಬರೂ ಮುನಿದು, ಮತ್ತೆ ಕೂಡಿ, ದಿನದಿನವೂ ಮಾಡಿಕೊಂಡಷ್ಟೇ ಅದರ ಧ್ರೌವ್ಯ. ಆದ್ದರಿಂದ ಜಗಳದ ಫೋಟೊಗಳನ್ನು ಅಳಿಸಿ ನಗುವಿನವನ್ನಷ್ಟೇ ಉಳಿಸಿಕೊಳ್ಳುವವರು ಆ ನಂಟಿನ ಅರ್ಧವನ್ನೇ ಕಳೆದುಕೊಳ್ಳುತ್ತಾರೆ.

ನೋಡುವವರ ಪಾಲೂ ಇಲ್ಲಿ ಇದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು, ದೇವರು ಮತ್ತು ಮಾಯೆಗಳಲ್ಲಿ ಯಾವುದು ಯಾವುದರ ಒಳಗಿದೆ ಎಂದು ಕೇಳಿದ್ದಾರೆ. ಅದೇ ಬಗೆಯಲ್ಲಿ, ನಂಟು ಚಿತ್ರದೊಳಗಿದೆಯೋ ಅಥವಾ ಚಿತ್ರವೂ ಅದನ್ನು ತೆಗೆದ ನೋಟವೂ ನಂಟಿನೊಳಗಿವೆಯೋ ಎಂದು ಕೇಳಬೇಕಾಗುತ್ತದೆ. ಏಕೆಂದರೆ ‘ತಂಗಿ ಹೆಗಲ ಮ್ಯಾಲೆ ಕೈ ಹಾಕವ್ವ’ ಎಂದು ಹೆತ್ತವರು ಹೇಳಿ ಹಾಕಿಸಿದ ಕೈ ಕ್ರಮೇಣ ತಾನಾಗಿಯೇ ಅಲ್ಲಿಗೆ ಹೋಗತೊಡಗುತ್ತದೆ.

ಅಕ್ಕನಿಗೆ ಮದುವೆ ಗೊತ್ತಾದ ವರ್ಷ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಬೀಗರು ಕಿರೀಟ ಕಂಡವರಂತೆ ಹಿಗ್ಗುತ್ತಾರೆ, ತಾಯಿ ಮುಖ ಆಚೆ ತಿರುಗಿಸುತ್ತಾಳೆ. ತಂಗಿ ಮಾತ್ರ ಆ ಗೊಂಬೆಗಳಲ್ಲಿ ತನ್ನ ಪಾಲು ಕೇಳುತ್ತಾಳೆ, ಅಕ್ಕ ಮುರಿದು ಕೊಡುತ್ತಾಳೆ. ಆ ಹೊತ್ತಿನಲ್ಲಿ ತಂದೆಯ ಕೈಯಲ್ಲಿ ಮೊಬೈಲ್ ಇರಲೂಬಹುದು, ಇಲ್ಲದಿರಲೂಬಹುದು.